ಚರ್ಚಿನ ಚಾವಣಿಯ ಮಳೆನೀರು ಬಾವಿಗೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೆಡುತ್ತದೆ

ಕರಾವಳಿಯಲ್ಲಿ ಯಾವ ಚರ್ಚಿಗೆ ಹೋದರೂ ನನ್ನ ಕಣ್ಣು ಮೊದಲು ಚಾವಣಿಯ ಅಂಚಿಗೆ, ಆಮೇಲೆ ಬಾವಿಯ ಕಡೆಗೆ ಹೋಗುತ್ತದೆ. ಎಷ್ಟೋ ಕಡೆ ಕಾಣುವುದು ಇದೇ: ನಾಲ್ಕಿಂಚಿನ ಪೈಪು ಗೋಡೆಗುಂಟ ಇಳಿದು, ಅಂಗಳ ದಾಟಿ, ಬಾವಿಗೆ ಇನ್ನೆರಡು ಮಾರು ಇದೆ ಎನ್ನುವಾಗ ನಿಂತುಬಿಟ್ಟಿದೆ. ಅದರ ಬಾಯಿಗೆ ಗೋಣಿತುಂಡು ತುರುಕಿದ್ದಾರೆ. ಕೇಳಿದರೆ ಉತ್ತರವೂ ಒಂದೇ: "ಮೊದಲ ವರ್ಷ ಬಿಟ್ಟೆವು, ನೀರು ಕೆಟ್ಟಿತು, ಜನ ಬೈದರು, ತೆಗೆಸಿದೆವು."

ಹಣ ಕೊಟ್ಟವರಿದ್ದರು, ಶ್ರಮದಾನ ಮಾಡಿದ ಯುವಕರಿದ್ದರು, ಮನಸ್ಸೂ ಇತ್ತು. ಕೆಟ್ಟದ್ದು ಕೆಲಸದ ಕ್ರಮ. ಎಲ್ಲರೂ ಚಾವಣಿಯಿಂದ ಶುರು ಮಾಡಿ ಬಾವಿಯಲ್ಲಿ ಮುಗಿಸುತ್ತಾರೆ. ಬಾವಿಯಿಂದ ಶುರು ಮಾಡಿ ಚಾವಣಿಯಲ್ಲಿ ಮುಗಿಸಬೇಕು. ಈ ಬರಹ ಆ ಕ್ರಮದಲ್ಲೇ ಇದೆ, ದಯವಿಟ್ಟು ಹಂತ ಹಾರಿಸಬೇಡಿ.

ಇದು ತೆರೆದ ಬಾವಿ ಇರುವ ಕರಾವಳಿಯ ಚರ್ಚುಗಳಿಗಾಗಿ ಬರೆದದ್ದು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ನಮ್ಮ ಕಡೆಯಲ್ಲೇ 2019ರ ಬೇಸಿಗೆಯಲ್ಲಿ ಮಂಗಳೂರು ನಗರಕ್ಕೆ ನೀರು ರೇಷನಿಂಗ್ ಮಾಡಬೇಕಾಯಿತು. ಆದಿಕಾಂಡದ 26ನೇ ಅಧ್ಯಾಯದಲ್ಲಿ ಇಸಾಕನು ತನ್ನ ತಂದೆ ಅಬ್ರಹಾಮನ ಕಾಲದ ಬಾವಿಗಳನ್ನು, ಫಿಲಿಷ್ಟಿಯರು ಮುಚ್ಚಿಹಾಕಿದ್ದವನ್ನು, ಮತ್ತೆ ತೋಡಿಸುತ್ತಾನೆ. ನಮ್ಮ ಬಾವಿಗಳನ್ನು ಯಾವ ಶತ್ರುವೂ ಮುಚ್ಚಲಿಲ್ಲ. ನಾವೇ ಸುತ್ತ ಇಂಟರ್‌ಲಾಕ್ ಹಾಸಿ, ಚಾವಣಿ ನೀರನ್ನು ಚರಂಡಿಗೆ ಬಿಟ್ಟು ಒಣಗಿಸಿದೆವು. ಅದನ್ನು ಸರಿ ಮಾಡುವುದು ನಮ್ಮ ಪಾಲಿನ ಕೆಲಸ ಎಂದು ನಂಬುವವರಿಗಾಗಿ ಈ ಹಂತಗಳು.

ಬೇಕಾಗುವ ಸಾಮಾನು

ಮೊದಲ ಎರಡು ಹಂತಕ್ಕೆ ಹೆಚ್ಚೇನೂ ಬೇಡ. 30 ಮೀಟರ್ ಟೇಪು, ತುದಿಗೆ ಭಾರ ಕಟ್ಟಿ ಅಡಿ ಅಡಿಗೆ ಗಂಟು ಹಾಕಿದ ಹಗ್ಗ, ಒಳ್ಳೆಯ ಟಾರ್ಚ್, ಗಾಜಿನ ಲೋಟ, ಉದ್ದದ ನೋಟ್‌ಬುಕ್.

ಕಟ್ಟುವ ಹೊತ್ತಿಗೆ ಗಾರೆಯವರು, ಪ್ಲಂಬರ್, ಮಟ್ಟ ನೋಡುವ ನೀರಿನ ಲೆವೆಲ್ ಪೈಪು, 40 ಮಿ.ಮೀ. ಮತ್ತು 20 ಮಿ.ಮೀ. ಜಲ್ಲಿ, ದಪ್ಪ ಹೊಯ್ಗೆ (ಮರಳು), ನೈಲಾನ್ ಬಲೆ, ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಸ್ಟೀಲ್ ಜಾಲರಿ, ವಾಲ್ವ್‌ಗಳು, ಪಿವಿಸಿ ಪೈಪು. ಪೈಪನ್ನು ಮೊದಲೇ ತಂದು ಅಂಗಳದಲ್ಲಿ ಹಾಕಬೇಡಿ. ಕಣ್ಣೆದುರು ಪೈಪು ಬಿದ್ದಿದ್ದರೆ ಎಲ್ಲರಿಗೂ ಅದನ್ನು ಜೋಡಿಸುವ ಅವಸರ ಬರುತ್ತದೆ.

ಹಂತ 1: ಒಂದು ನಿರ್ಣಯ, ಒಂದು ಹೆಸರು

ಚರ್ಚಿನ ಜಾಗದಲ್ಲಿ ಏನೇ ಅಗೆಯುವುದಿದ್ದರೂ ಪಾಲನಾ ಮಂಡಳಿಯ ನಿರ್ಣಯ ಪುಸ್ತಕದಲ್ಲಿ ಇರಬೇಕು, ಹಣದ ವಿಚಾರಕ್ಕೆ ಆರ್ಥಿಕ ಸಮಿತಿಯ ಒಪ್ಪಿಗೆ ಇರಬೇಕು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾದರೆ ಸಭಾಪಾಲಕರ ಜತೆ ಕಮಿಟಿಯ ನಿರ್ಣಯ. "ಫಾದರ್ ಹೇಳಿದರಲ್ಲ" ಎಂಬ ಬಾಯಿಮಾತಿನ ಮೇಲೆ ನಿಂತ ಕೆಲಸ ಫಾದರ್ ವರ್ಗಾವಣೆಯಾದ ವರ್ಷವೇ ನಿಲ್ಲುತ್ತದೆ.

ನಿರ್ಣಯದಲ್ಲಿ ಒಬ್ಬ ವ್ಯಕ್ತಿಯ ಹೆಸರು ಬರೆಯಿರಿ, ಜತೆಗೆ ಒಬ್ಬ ಸಹಾಯಕರದ್ದು. ಆಯೋಗದ ಹೆಸರೋ ಸಂಘಟನೆಯ ಹೆಸರೋ ಸಾಲದು. ಜೂನ್ ತಿಂಗಳಲ್ಲಿ ಮಂಗಳವಾರ ಮಧ್ಯಾಹ್ನ ಧೋ ಎಂದು ಮಳೆ ಬಂದಾಗ ಕೊಡೆ ಹಿಡಿದು ಹೋಗಿ ವಾಲ್ವ್ ತಿರುಗಿಸುವವರು ಯಾರು ಎಂಬುದೇ ಪ್ರಶ್ನೆ. ನನ್ನ ಅನುಭವದಲ್ಲಿ ಈ ಕೆಲಸವನ್ನು ಚೆನ್ನಾಗಿ ನಡೆಸಿಕೊಂಡು ಹೋದವರು ಇಂಜಿನಿಯರುಗಳಲ್ಲ, ಚರ್ಚಿನ ಪಕ್ಕದಲ್ಲೇ ಮನೆ ಇದ್ದು ಅದೇ ಬಾವಿಯ ನೀರು ಕುಡಿಯುವವರು. ಗಂಟೆ ಬಾರಿಸುವವರು ಒಪ್ಪಿದರೆ ಇನ್ನೂ ಒಳ್ಳೆಯದು, ಆದರೆ ಅವರ ಸಂಬಳದಲ್ಲಿ ಇದನ್ನು ಸೇರಿಸಿ.

ಸಮಯ ಹೀಗಿರಲಿ: ನಿರ್ಣಯ ಕ್ರಿಸ್ಮಸ್ ಒಳಗೆ, ಬಾವಿ ಪರೀಕ್ಷೆ ಈಸ್ಟರಿಗೆ ಮೊದಲಿನ ತಪಸ್ಸು ಕಾಲದಲ್ಲಿ, ಕಟ್ಟುವ ಕೆಲಸ ಪಾಸ್ಕ (ಈಸ್ಟರ್) ಹಬ್ಬ ಮುಗಿದ ಮೇಲೆ, ಎಲ್ಲವೂ ಮೇ ಮೂರನೇ ವಾರದೊಳಗೆ. ಉಪವಾಸದಿಂದ ಉಳಿದ ಹಣವನ್ನು ಈ ಕೆಲಸಕ್ಕೆ ಕಾಣಿಕೆಯಾಗಿ ತೆಗೆದಿಟ್ಟ ಸಭೆಗಳನ್ನು ಕಂಡಿದ್ದೇನೆ. ಹಾಗೆ ಕೊಟ್ಟವರು ಮಳೆಗಾಲದಲ್ಲಿ ತೊಟ್ಟಿ ಇಣುಕಿ ನೋಡದೆ ಹೋಗುವುದಿಲ್ಲ.

ಹಂತ 2: ಬಾವಿಯನ್ನು ಓದುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ನೀರು ತಳಕ್ಕಿಳಿದು ಒಳಗೋಡೆ ಪೂರ್ತಿ ಕಾಣುವಾಗ ಮಾಡಿ.

ಮೊದಲು ಬಾವಿಯ ಸುತ್ತಲಿನ ಸಿಮೆಂಟು ನೆಲ ನೋಡಿ. ಬಿರುಕು ಇದೆಯೇ, ನೆಲ ಬಾವಿಯ ಕಡೆಗೆ ವಾಲಿದೆಯೇ, ಕಟ್ಟೆಯ ಬುಡದಲ್ಲಿ ಇಲಿ ಅಥವಾ ಏಡಿ ಕೊರೆದ ತೂತು ಇದೆಯೇ? ನೀರು ಕೆಂಪಾಯಿತೆಂದು ಪೈಪು ಕಿತ್ತು ಹಾಕಿದ ಒಂದು ಕಡೆ ನಾನು ಮಳೆಯಲ್ಲೇ ನಿಂತು ನೋಡಿದೆ. ಪೈಪಿನಿಂದ ಬರುತ್ತಿದ್ದ ನೀರು ಲೋಟದಲ್ಲಿ ಹಿಡಿದರೆ ತಿಳಿ. ಕಟ್ಟೆಯ ಬುಡದ ಬಿರುಕಿನಿಂದ ಅಂಗಳದ ಕೆಮ್ಮಣ್ಣಿನ ನೀರು ಬಳ್ಳಿಯ ಹಾಗೆ ಒಳಗಿಳಿಯುತ್ತಿತ್ತು. ಅಪವಾದ ಪೈಪಿಗೆ, ತಪ್ಪು ಕಟ್ಟೆಯದು. ಚಾವಣಿಯಲ್ಲಿ ಕೆಮ್ಮಣ್ಣು ಎಲ್ಲಿಂದ ಬರಬೇಕು?

ಆದ್ದರಿಂದ ಬಣ್ಣ ನೋಡಿ ಕಾರಣ ಹುಡುಕುವುದನ್ನು ಕಲಿಯಿರಿ. ಕೆಂಪು ಎಂದರೆ ಅಂಗಳದ ಮಣ್ಣು. ಚಹಾದ ಬಣ್ಣ ಎಂದರೆ ದಂಬೆಯಲ್ಲಿ, ಅಂದರೆ ಚಾವಣಿ ಅಂಚಿನ ನೀರಿನ ಕಾಲುವೆಯಲ್ಲಿ, ಕೊಳೆತ ತರಗೆಲೆ. ಹಸಿರು ಎಂದರೆ ಪಾಚಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ಏನೋ ಕೊಳೆಯುತ್ತಿದೆ. ನೀರು ಹಾಲಿನ ಹಾಗೆ ಬೆಳ್ಳಗೆ ಮಸುಕಾಗಿ, ಬೆರಳಿಗೆ ನುಣುಪಾಗಿ ಹತ್ತಿದರೆ ಮಾತ್ರ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಅದು ಶೇಡಿ ಮಣ್ಣು.

ಶೇಡಿಯ ವಿಚಾರ ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಕೆಂಪುಕಲ್ಲಿನ ಪದರದ ಕೆಳಗೆ ಅನೇಕ ಕಡೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಈ ಜಿಗುಟು ಮಣ್ಣಿದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದಾಗ ಮೆತ್ತಗಾಗಿ ಜಾರುತ್ತದೆ. ಮೇಲೆ ಕಲ್ಲು ಗಟ್ಟಿಯಾಗಿಯೇ ಕಾಣುತ್ತಿರುತ್ತದೆ, ಕೆಳಗೆ ಗೋಡೆ ಕುಸಿದು ಗುಹೆಯಾಗಿರುತ್ತದೆ. ಟಾರ್ಚ್ ಹಾಕಿ ಗೋಡೆಯ ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ನೋಡಿ ಆ ಆಳವನ್ನು ಬರೆದಿಡಿ. ಶೇಡಿ ಪದರಕ್ಕೆ ರಿಂಗ್ ಅಥವಾ ಕಲ್ಲಿನ ಗೋಡೆ ಇಲ್ಲದಿದ್ದರೆ ಅಂಥ ಬಾವಿಗೆ ಮೇಲಿಂದ ನೀರು ಸುರಿಯುವ ಯೋಚನೆ ಬೇಡ. ಮೊದಲು ಬಾವಿ ಕಟ್ಟಿಸಿ.

ಆಮೇಲೆ ಸುತ್ತಮುತ್ತ ನಡೆದು ನೋಡಿ. ಚರ್ಚಿನ ವಠಾರದಲ್ಲಿ ಶಾಲೆ, ಹಾಲ್, ಕಾನ್ವೆಂಟ್, ಎಲ್ಲವುಗಳ ಶೌಚಾಲಯದ ಗುಂಡಿಗಳಿರುತ್ತವೆ. ಅವು ಎಲ್ಲಿವೆ ಎಂದು ಎಷ್ಟೋ ಸಲ ಯಾರಿಗೂ ನೆನಪಿರುವುದಿಲ್ಲ, ಹಳೆಯ ಗಾರೆಯವರನ್ನು ಕೇಳಬೇಕು. ಬಾವಿಗೂ ಶೌಚದ ಇಂಗುಗುಂಡಿಗೂ ಕನಿಷ್ಠ 60 ಅಡಿ ಅಂತರ ಬೇಕು.

ಸಮಾಧಿ ಸ್ಥಳದ ವಿಚಾರವನ್ನು ಸಾಮಾನ್ಯ ಮಳೆಕೊಯ್ಲಿನ ಪುಸ್ತಿಕೆಗಳು ಹೇಳುವುದಿಲ್ಲ. ನಮಗೆ ಅದು ಮುಖ್ಯ. ಸಮಾಧಿ ಸ್ಥಳ ಬಾವಿಗಿಂತ ಎತ್ತರದಲ್ಲಿದ್ದರೆ ಇಳಿಜಾರಿನಲ್ಲಿ ನೆಲದೊಳಗಿನ ನೀರು ಬಾವಿಯ ಕಡೆಗೇ ಬರುತ್ತದೆ. ಅಂಥಲ್ಲಿ ಇವೆರಡರ ನಡುವೆ ಇಂಗುಗುಂಡಿ ತೋಡಬೇಡಿ, ಸಮಾಧಿಗಳ ಮೇಲ್ಭಾಗದಲ್ಲಂತೂ ಬೇಡವೇ ಬೇಡ. ನೀರು ಪರೀಕ್ಷೆಯಾಗುವವರೆಗೆ ಆ ಬಾವಿಯ ನೀರು ತೋಟಕ್ಕೂ ಶೌಚಾಲಯಕ್ಕೂ ಮಾತ್ರ. ಹಿರಿಯರಿಗೆ ಈ ಮಾತು ನೋವಾಗಬಹುದು, ಮೆಲ್ಲಗೆ ಹೇಳಿ, ಆದರೆ ಹೇಳದೆ ಬಿಡಬೇಡಿ.

ಬಾವಿ ಕೆಸರು ತೆಗೆಯುವುದಿದ್ದರೆ ಒಂದು ಎಚ್ಚರಿಕೆ. ಆಳದ ಬಾವಿಯಲ್ಲಿ ಗಾಳಿ ಕೆಟ್ಟಿರಬಹುದು. ದೀಪ ಇಳಿಸಿ ನೋಡಿ, ಆರಿದರೆ ಯಾರೂ ಇಳಿಯಕೂಡದು. ದೀಪ ಆರಲಿಲ್ಲ ಎಂದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಬೇಡಿ, ಅದರ ಹೊಗೆಯೇ ಜೀವ ತೆಗೆಯುತ್ತದೆ. ಶ್ರಮದಾನದ ಹುಮ್ಮಸ್ಸಿನಲ್ಲಿ ಹುಡುಗರನ್ನು ಇಳಿಸಬೇಡಿ. ಇದು ಬಾವಿ ಕೆಲಸ ಗೊತ್ತಿರುವವರದ್ದು, ಸೊಂಟಕ್ಕೆ ಹಗ್ಗ, ಮೇಲೆ ಹಿಡಿಯಲು ಜನ ಇದ್ದೇ ಆಗಬೇಕು.

ಹಂತ 3: ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಸಾಕು.

ಚರ್ಚು 30 ಮೀಟರ್ ಉದ್ದ, 12 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಹಂಚಿನ ಇಳಿಜಾರನ್ನು ಅಳೆಯಬೇಡಿ, ಅದು ನೆಲದ ಮೇಲೆ ಮುಚ್ಚುವ ಜಾಗ ಅಳೆಯಿರಿ: 360 ಚದರ ಮೀಟರ್. 3,500 ಮಿ.ಮೀ. ಮಳೆಯಲ್ಲಿ ಹಂಚು ಕುಡಿದದ್ದು, ಸಿಡಿದದ್ದು, ಆವಿಯಾದದ್ದು ಎಂದು ಐದರಲ್ಲಿ ಒಂದು ಪಾಲು ಕಳೆದರೆ ವರ್ಷಕ್ಕೆ 10 ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು.

ಈ ಸಂಖ್ಯೆಯನ್ನು ಬಲಿಪೂಜೆಯ ಕೊನೆಯ ಪ್ರಕಟಣೆಯಲ್ಲಿ ಓದಿ ಜನರಿಗೆ ಆಸೆ ಹುಟ್ಟಿಸಬೇಡಿ. ಅಷ್ಟೂ ನೀರು ಬೇಸಿಗೆಗೆ ಉಳಿಯುವುದಿಲ್ಲ. ಕಟ್ಟುವುದಕ್ಕೆ ಬೇಕಾದ ಸಂಖ್ಯೆ ಬೇರೆಯೇ: ಗಂಟೆಗೆ 75 ಮಿ.ಮೀ. ಜಡಿಮಳೆ ಬಂದರೆ ಅದೇ ಚಾವಣಿಯಿಂದ ಒಂದು ಗಂಟೆಗೆ 20,000 ಲೀಟರಿಗೂ ಮೀರಿ ಇಳಿಯುತ್ತದೆ. ಪೈಪು, ತೊಟ್ಟಿ, ಹೊರಹರಿವು ಮೂರನ್ನೂ ಈ ಹೊಡೆತಕ್ಕೆ ಅಳೆಯಬೇಕು. 200 ಲೀಟರ್ ಡ್ರಮ್ಮಿನಲ್ಲಿ ಮಾಡುವ ಸೋಸುಕ ಸಣ್ಣ ಮನೆಗೆ ಆದೀತು, ಚರ್ಚಿಗೆ ಆಗದು. ಮೊದಲ ಜೋರು ಮಳೆಗೇ ಅದು ಉಕ್ಕಿ ಅಂಗಳ ಕೆಸರಾಗಿ "ಯೋಜನೆ ಫೇಲ್" ಎಂಬ ಹೆಸರು ಬರುತ್ತದೆ.

ಬೆಂಗಳೂರಿನ ಕಡೆಯವರು ಇದೇ ಲೆಕ್ಕಕ್ಕೆ 900ರಿಂದ 1,000 ಮಿ.ಮೀ. ಹಾಕಿಕೊಳ್ಳಿ. ಅಲ್ಲಿ ಇಂಗಿಸುವುದರ ಜತೆಗೆ ಸಂಪಿನಲ್ಲಿ ಹಿಡಿದಿಡುವುದೂ ಬೇಕಾಗುತ್ತದೆ.

ಹಂತ 4: ನೇರ ಬಾವಿಗೋ, ಇಂಗುಗುಂಡಿಗೋ

ನೋಟ್‌ಬುಕ್ ತೆರೆದು ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಜುಲೈಯಲ್ಲಿ ನಿಮ್ಮ ಬಾವಿ ತಾನಾಗಿಯೇ ತುಂಬುತ್ತದೆಯೇ?

ನಮ್ಮಲ್ಲಿ ತಗ್ಗಿನ ಬಾವಿಗಳು ಜುಲೈ ಹೊತ್ತಿಗೆ ಕೈಗೆಟುಕುವಷ್ಟು ತುಂಬಿರುತ್ತವೆ. ಅಂಥ ಬಾವಿಗೆ ಚಾವಣಿ ನೀರು ಸುರಿದರೆ ಅದು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಬಾವಿಗಿಂತ ಎತ್ತರದ ಜಾಗದಲ್ಲಿ, 20ರಿಂದ 30 ಅಡಿ ದೂರದಲ್ಲಿ ಇಂಗುಗುಂಡಿ ಮಾಡಿ. ನೀರು ಮಣ್ಣಿನೊಳಗೆ ನಿಧಾನಕ್ಕೆ ಸಾಗಿ ಒರತೆಯಾಗಿ ಬರಲಿ. ಎತ್ತರದಲ್ಲಿರುವ, ಜುಲೈಯಲ್ಲೂ ಅರ್ಧ ತುಂಬುವ, ಒಳಗೋಡೆ ಗಟ್ಟಿ ಇರುವ ಬಾವಿಗಾದರೆ ಸೋಸಿದ ನೀರನ್ನು ನೇರ ಬಿಡಬಹುದು.

ಇಂಗುಗುಂಡಿ ತೋಡುವಾಗ ಬೆಳ್ಳನೆಯ ಶೇಡಿ ಸಿಕ್ಕಿತೋ, ಅಲ್ಲಿಗೇ ನಿಲ್ಲಿಸಿ, ಆ ಗುಂಡಿ ಮುಚ್ಚಿ. ಗುಡ್ಡದ ಅಂಚಿನಲ್ಲಿ, ತಡೆಗೋಡೆಯ ಹಿಂದೆ, ಕಡಿದ ದರೆಯ ಮೇಲೆ ಇಂಗುಗುಂಡಿ ಮಾಡಲೇಬಾರದು. ಕೆಳಗೆ ಮನೆಗಳಿರುತ್ತವೆ. ನೀರು ಇಂಗಿಸುವ ಪುಣ್ಯದ ಕೆಲಸ ದರೆ ಕುಸಿತಕ್ಕೆ ಕಾರಣವಾಗಬಾರದು.

ಅಂಗಳದ ನೀರನ್ನು ಚಾವಣಿ ನೀರಿನ ಜತೆ ಎಂದೂ ಸೇರಿಸಬೇಡಿ. ಭಾನುವಾರ ನಿಲ್ಲುವ ವಾಹನಗಳ ಎಣ್ಣೆ, ಹಬ್ಬದ ದಿನದ ಕಸ ಎಲ್ಲ ಅದರಲ್ಲಿರುತ್ತದೆ. ಹಾಲಿಗೆ ಹಳೆಯ ಆಸ್ಬೆಸ್ಟಾಸ್ ಶೀಟಿನ ಚಾವಣಿ ಇದ್ದರೆ ಅದನ್ನೂ ಕುಡಿಯುವ ಬಾವಿಯಿಂದ ದೂರವಿಡಿ. ಕೊಳವೆಬಾವಿಯ ಕೇಸಿಂಗ್ ಪೈಪಿನೊಳಗೆ ಚಾವಣಿ ನೀರು ಬಿಡಲು ಯಾರಾದರೂ ಸಲಹೆ ಕೊಟ್ಟರೆ, ಭೂಜಲ ತಜ್ಞರನ್ನು ಕರೆಸದೆ ಒಪ್ಪಬೇಡಿ.

ಹಂತ 5: ಸೋಸುವ ತೊಟ್ಟಿ

ಮೇಲಿನ ಅಳತೆಯ ಚರ್ಚಿಗೆ 5 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಆಳದ ತೊಟ್ಟಿ ಕಟ್ಟಿ. ತಳದಲ್ಲಿ ಒಂದು ಅಡಿ 40 ಮಿ.ಮೀ. ಜಲ್ಲಿ. ಅದರ ಮೇಲೆ ಅರ್ಧ ಅಡಿ 20 ಮಿ.ಮೀ. ಜಲ್ಲಿ. ಅದರ ಮೇಲೆ ನೈಲಾನ್ ಬಲೆ. ಬಲೆಯ ಮೇಲೆ ಒಂದು ಅಡಿ ದಪ್ಪ ಹೊಯ್ಗೆ. ಉಳಿದ ಒಂದೂವರೆ ಅಡಿ ಖಾಲಿ, ನೀರು ನಿಂತು ಇಳಿಯುವುದಕ್ಕೆ.

ಬಾವಿಗೆ ಹೋಗುವ ಪೈಪು ತಳದಿಂದ ಹೊರಡಬೇಕು. ಉಕ್ಕಿದ ನೀರು ಹೋಗುವ ಪೈಪು ಮೇಲಂಚಿನಿಂದ ಮೂರು ಇಂಚು ಕೆಳಗೆ ಇರಬೇಕು, ಒಳಬರುವ ಪೈಪಿಗಿಂತ ಸಣ್ಣದಾಗಬಾರದು, ತೋಟದ ಕಡೆಗೆ ಹೋಗಬೇಕು. ಈ ಹೊರಹರಿವನ್ನು ಬಹಳ ಕಡೆ ಮರೆಯುತ್ತಾರೆ.

ಜಲ್ಲಿಯನ್ನೂ ಹೊಯ್ಗೆಯನ್ನೂ ತೊಳೆಯದೆ ಹಾಕುವುದು ಅತಿ ಸಾಮಾನ್ಯ ತಪ್ಪು. ಜಲ್ಲಿಯ ಬೂದುಪುಡಿ ವಾರಗಟ್ಟಲೆ ಬಾವಿಗೆ ಇಳಿಯುತ್ತದೆ. ಬುಟ್ಟಿಯಲ್ಲಿ ಹಾಕಿ, ಕೆಳಗೆ ಸೋರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಸಣ್ಣ ಎಂ-ಸ್ಯಾಂಡ್ ಬೇಡ, ಅದರ ಪುಡಿ ಸಿಮೆಂಟಿನ ಹಾಗೆ ಕೂತು ನೀರಿಳಿಯದಂತೆ ಮಾಡುತ್ತದೆ.

ಇದ್ದಿಲಿನ ಪದರ ಹಾಕಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಪುಸ್ತಕದಲ್ಲಿ ಇದೆ. ನಾನು ಮಾತ್ರ ಬೇಡ ಎನ್ನುತ್ತೇನೆ. ಇದ್ದಿಲನ್ನು ಕಾಲಕಾಲಕ್ಕೆ ಬದಲಾಯಿಸಬೇಕು, ಬದಲಾಯಿಸುವ ಚರ್ಚನ್ನು ನಾನು ಕಂಡಿಲ್ಲ. ಎರಡು ವರ್ಷ ಹಳೆಯ ಇದ್ದಿಲು ಕೊಳೆ ಹಿಡಿದಿಡುವ ಗೂಡಾಗುತ್ತದೆ. ಚೆನ್ನಾಗಿ ತೊಳೆದ ಹೊಯ್ಗೆ ಸಾಕು.

ತೊಟ್ಟಿಗೆ ಮುಚ್ಚಳ ಬೇಕೇ ಬೇಕು, ಸಂದುಗಳಿಗೆ ಸಣ್ಣ ಜಾಲರಿ ಹಾಕಿ. ಮಂಗಳೂರಿಗೆ ಮಲೇರಿಯಾ ಹಳೆಯ ಕಾಟ. ನಾವು ಕಟ್ಟಿದ ತೊಟ್ಟಿಯೇ ಸೊಳ್ಳೆಯ ತೊಟ್ಟಿಲಾಗಬಾರದು. ಮಳೆ ನಿಂತ ಎರಡು ದಿನದ ಮೇಲೂ ಹೊಯ್ಗೆಯ ಮೇಲೆ ನೀರು ನಿಂತಿದ್ದರೆ ಹೊಯ್ಗೆ ಕಟ್ಟಿಕೊಂಡಿದೆ ಎಂದರ್ಥ. ಮೇಲಿನ ಎರಡು ಇಂಚು ಕೆರೆದು ತೆಗೆದು, ತೊಳೆದು ಮತ್ತೆ ಹಾಕಿ.

ಹಂತ 6: ಮೊದಲ ನೀರು ಹೊರಗೆ

ಗಂಟೆಗೋಪುರ ಇರುವಲ್ಲಿ ಪಾರಿವಾಳ ಇರುತ್ತದೆ, ಬಾವಲಿ ಇರುತ್ತದೆ. ಎಂಟು ತಿಂಗಳ ಹಿಕ್ಕೆ, ಧೂಳು, ಪಾಚಿ ಚಾವಣಿಯ ಮೇಲೆ ಒಣಗಿ ಕೂತಿರುತ್ತದೆ. ವಾರ್ಷಿಕ ಹಬ್ಬಕ್ಕೆ ಹೊಡೆದ ಬಣ್ಣದ ಚಕ್ಕೆಗಳೂ ಸೇರಿರುತ್ತವೆ.

ಒಂದು ವರ್ಷ, ಮೊದಲ ಮಳೆಯ ಮರುದಿನ ಬೆಳಿಗ್ಗೆ, ಚರ್ಚಿನ ಪಕ್ಕದ ಮನೆಯ ಹಿರಿಯ ಬಾಯಮ್ಮ ಒಬ್ಬರು ಕೊಡಪಾನ ಸೊಂಟದಲ್ಲಿಟ್ಟುಕೊಂಡು ನೇರ ಮೆಟ್ಟಿಲಿಗೆ ಬಂದರು. ಕೊಡಪಾನ ಕೆಳಗಿಟ್ಟು, ಅದರೊಳಗಿನಿಂದ ಬೊಗಸೆಯಲ್ಲಿ ನೀರು ತೆಗೆದು ತೋರಿಸಿದರು. ಚಹಾ ಬಣ್ಣ, ಮೇಲೆ ಒಂದು ಸಣ್ಣ ಗರಿ. "ಫಾದರ್, ಇದರಲ್ಲಿ ಗಂಜಿ ಬೇಯಿಸುವುದು ಹೇಗೆ?" ಎಂದರು, ಅಷ್ಟೇ. ಆ ಪೈಪು ಜೋಡಿಸಿದ ತಂಡದಲ್ಲಿ ನಾನಿದ್ದೆ. ವಾಲ್ವ್ ಮುಂದಿನ ವಾರ ಹಾಕಿದರಾಯಿತು ಎಂದು ಬಿಟ್ಟಿದ್ದೆವು. ಮಳೆ ಒಂದು ವಾರ ಮೊದಲೇ ಬಂತು.

ಮೊದಲ ನೀರು ತಡೆಯಲು ಮೂರಡಿ ಪೈಪನ್ನು ಕೆಳಮುಖವಾಗಿ ಜೋಡಿಸಿ ಮುಚ್ಚುವ ಪದ್ಧತಿ ಇದೆ. ಅದರ ಲೆಕ್ಕ ನೋಡಿ: 6 ಇಂಚಿನ ಪೈಪಿನ ಒಂದು ಮೀಟರ್ ಉದ್ದದಲ್ಲಿ ಹಿಡಿಯುವುದು ಸುಮಾರು 18 ಲೀಟರ್. ಒಂದು ಇಳಿಪೈಪಿನ ಪಾಲಿಗೆ ಬರುವ 60 ಚದರ ಮೀಟರ್ ಚಾವಣಿಯ ಮೊದಲ 2 ಮಿ.ಮೀ. ಮಳೆ ಎಂದರೆ 120 ಲೀಟರ್. ಸಾಲುವುದೇ ಇಲ್ಲ. ಚರ್ಚಿನ ಚಾವಣಿಗೆ ಕೈಯಿಂದ ತಿರುಗಿಸುವ ವಾಲ್ವೇ ಸರಿ. ಪ್ರತಿ ಇಳಿಪೈಪು ತೊಟ್ಟಿಯ ಮುಖ್ಯ ಪೈಪಿಗೆ ಸೇರಿದ ಮೇಲೆ, ತೊಟ್ಟಿಯ ಮುಂಚೆ ಎರಡು ವಾಲ್ವ್: ಒಂದು ತೊಟ್ಟಿಗೆ, ಒಂದು ತೋಟಕ್ಕೆ. ತೋಟದ ವಾಲ್ವ್‌ಗೆ ಕೆಂಪು, ಬಾವಿಯ ವಾಲ್ವ್‌ಗೆ ನೀಲಿ ಬಣ್ಣ ಬಳಿಯಿರಿ, ಯಾರು ಬಂದರೂ ಗೊಂದಲವಾಗದು.

ನಿಯಮ: ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಪೂರ್ತಿ ತೋಟಕ್ಕೆ. ಜೂನ್ ಮಳೆ ಹಿಡಿದ ಮೇಲೂ ಮೊದಲ ಒಂದು ವಾರ ತೋಟಕ್ಕೆ. ಲೋಟದಲ್ಲಿ ಹಿಡಿದ ನೀರಿನ ಹಿಂದೆ ಹಾಳೆ ಇಟ್ಟರೆ ಅಕ್ಷರ ನಿಚ್ಚಳವಾಗಿ ಕಾಣಬೇಕು, ಆಗ ನೀಲಿ ವಾಲ್ವ್ ತೆರೆಯಿರಿ. ನಡುವೆ ನಾಲ್ಕೈದು ದಿನ ಬಿಸಿಲು ಬಿದ್ದು ಮತ್ತೆ ಮಳೆ ಬಂದರೆ ಮೊದಲ ಅರ್ಧ ಗಂಟೆ ತೋಟಕ್ಕೆ ಬಿಡಿ.

ಹಂತ 7: ಇಳಿಪೈಪು, ದಂಬೆ

ಈಗ ಚಾವಣಿಗೆ ಹತ್ತುವ ಸಮಯ. ದಂಬೆಯ ಇಳಿಜಾರು 10 ಅಡಿಗೆ ಒಂದು ಇಂಚು ಇದ್ದರೆ ಸಾಕು. ಕಣ್ಣಂದಾಜು ಬೇಡ, ಲೆವೆಲ್ ಪೈಪು ಹಿಡಿಯಿರಿ. 4 ಇಂಚಿನ ಒಂದು ಇಳಿಪೈಪಿಗೆ 60 ಚದರ ಮೀಟರಿಗಿಂತ ಹೆಚ್ಚು ಚಾವಣಿ ಜೋಡಿಸಬೇಡಿ. ನಮ್ಮ ಉದಾಹರಣೆಯ ಚರ್ಚಿಗೆ ಬದಿಗೆ ಮೂರರಂತೆ ಆರು ಪೈಪು ಬೇಕು. ಹಣ ಉಳಿಸಲೆಂದು ಎರಡೇ ಹಾಕಿದರೆ ದಂಬೆ ಉಕ್ಕಿ ಗೋಡೆ ನೆನೆಯುತ್ತದೆ.

ಪ್ರತಿ ಇಳಿಪೈಪಿನ ಬಾಯಿಗೆ ಬುಟ್ಟಿಯಾಕಾರದ ಜಾಲರಿ ಇಡಿ. ಚಪ್ಪಟೆ ಜಾಲರಿಯ ಮೇಲೆ ಒಂದೇ ಹಲಸಿನ ಎಲೆ ಕೂತರೂ ದಾರಿ ಮುಚ್ಚುತ್ತದೆ. ಬಾವಿಗೆ ಇಳಿಯುವ ಪೈಪಿನ ತುದಿ ಕೆಳಮುಖವಾಗಿ ಬಾಗಿ, ಗೋಡೆಗೆ ಕ್ಲಾಂಪ್ ಆಗಿ, ನೀರಿನ ಮಟ್ಟದ ಹತ್ತಿರದವರೆಗೆ ಇಳಿದಿರಲಿ. ಮೇಲಿಂದ ಹಾರಿ ಎದುರು ಗೋಡೆಗೆ ಹೊಡೆಯುವ ನೀರು ಕಲ್ಲಿನ ಸಂದಿನ ಮಣ್ಣನ್ನು ಕೊರೆಯುತ್ತದೆ.

ಹಂತ 8: ನೀರು ಪರೀಕ್ಷೆ ಮತ್ತು ಬ್ಲೀಚಿಂಗ್ ಪೌಡರ್

ನೋಡಲು ತಿಳಿ ಇದ್ದ ನೀರಿನಲ್ಲೂ ರೋಗಾಣು ಇರಬಹುದು. ಕೆಲಸ ಶುರುವಾಗುವ ಮೊದಲು ಒಮ್ಮೆ, ಜೂನ್ ಕೊನೆಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಪ್ರಯೋಗಾಲಯದಲ್ಲಿ ಕೋಲಿಫಾರ್ಮ್ (ಕೊಳೆ ಸೇರಿದ್ದರ ಸುಳಿವು ಕೊಡುವ ರೋಗಾಣು) ಪರೀಕ್ಷೆ ಮಾಡಿಸಿ. ಮೊದಲಿನ ಪರೀಕ್ಷೆ ಬಹಳ ಮುಖ್ಯ. ಅದಿಲ್ಲದಿದ್ದರೆ ಮೊದಲೇ ಕೆಟ್ಟಿದ್ದ ಬಾವಿಯ ದೂರೂ ಮಳೆನೀರಿನ ತಲೆಗೆ ಬರುತ್ತದೆ. ನಡುವೆ ನಾವೇ ಪರೀಕ್ಷೆ ಮಾಡಿಕೊಳ್ಳುವ ಎಚ್‌2ಎಸ್ ಬಾಟಲಿ ಬಳಸಬಹುದು. ಗುರುತಿನವರೆಗೆ ನೀರು ತುಂಬಿ ಇಟ್ಟರೆ 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಕುಡಿಯಲು ಯೋಗ್ಯವಲ್ಲ.

ಬ್ಲೀಚಿಂಗ್ ಪೌಡರನ್ನು ಅಂದಾಜಿಗೆ ಎರಚಬೇಡಿ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್. ಬಾವಿಯ ವ್ಯಾಸ 3 ಮೀಟರ್, ನೀರು 4 ಮೀಟರ್ ಇದ್ದರೆ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ಬಕೆಟ್ಟಿನಲ್ಲಿ ಪೌಡರ್ ಹಾಕಿ, ಸ್ವಲ್ಪ ನೀರಿನಲ್ಲಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ. ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗದಿಂದ ಬಾವಿಗಿಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಕೆಳಗುಳಿದ ಸುಣ್ಣವನ್ನು ಬಾವಿಗೆ ಹಾಕಬೇಡಿ. ರಾತ್ರಿ ಮಾಡಿದರೆ ಅನುಕೂಲ, ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ಪೌಡರ್ ಹಳೆಯದಾಗಿ ಗಟ್ಟಿ ಕಟ್ಟಿದ್ದರೆ, ಮೂಗಿಗೆ ಘಾಟು ಹೊಡೆಯದಿದ್ದರೆ ಅದರಲ್ಲಿ ಸತ್ವ ಇಲ್ಲ.

ಹಂತ 9: ಸೆಪ್ಟೆಂಬರ್ ನಂತರವೂ ವಾಲ್ವ್ ತೆರೆದಿರಲಿ

ಚೆನ್ನಾಗಿ ಕಟ್ಟಿದವರೂ ಎಡವುವುದು ಇಲ್ಲಿ. ಮೊಂತಿ ಫೆಸ್ತ್ (ಸೆಪ್ಟೆಂಬರ್ 8ರ ತೆನೆಹಬ್ಬ) ಮುಗಿಯಿತು, ಮಳೆಯ ಅಬ್ಬರ ಇಳಿಯಿತು, ದಂಬೆಯಲ್ಲಿ ಎಲೆ ತುಂಬಿದರೂ ಯಾರೂ ಹತ್ತುವುದಿಲ್ಲ. ಬಾವಿಯ ಮಟ್ಟ ಇಳಿಯತೊಡಗುವುದು ಆಗಲೇ. ಜುಲೈಯ ಹತ್ತು ಮಳೆಗಿಂತ ಅಕ್ಟೋಬರಿನ ಒಂದು ಮಳೆ ಬೇಸಿಗೆಗೆ ಹೆಚ್ಚು ಹತ್ತಿರ. ಸೆಪ್ಟೆಂಬರ್ ಮೊದಲ ವಾರ ದಂಬೆ, ಜಾಲರಿ, ಹೊಯ್ಗೆಯ ಮೇಲ್ಪದರ ಇನ್ನೊಮ್ಮೆ ಸ್ವಚ್ಛ ಮಾಡಿ.

ಇದಕ್ಕೆ ಚರ್ಚಿನ ಪಂಚಾಂಗವೇ ಅನುಕೂಲ ಮಾಡಿಕೊಟ್ಟಿದೆ. ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬವಾದ ಅಕ್ಟೋಬರ್ 4ರವರೆಗೆ ಸೃಷ್ಟಿಯ ಕಾಲ. ಮೊಂತಿ ಫೆಸ್ತಿನ ಮೊದಲಿನ ಒಂಬತ್ತು ದಿನ ಮಕ್ಕಳು ಹೂವು ಹಿಡಿದು ಬರುತ್ತಾರಲ್ಲ, ಆ ಒಂಬತ್ತು ದಿನವೂ ಪ್ರಾರ್ಥನೆ ಮುಗಿದ ಮೇಲೆ ದೊಡ್ಡವರ ಜತೆ ಗಂಟಿನ ಹಗ್ಗ ಇಳಿಸಿ ಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಎಂದು ಮಕ್ಕಳೇ ಬರೆಯಲಿ. ಒಮ್ಮೆ ಅಳೆದ ಮಗು ಆ ಬಾವಿಗೆ ಚಾಕಲೇಟ್ ಕಾಗದ ಎಸೆಯುವುದಿಲ್ಲ.

ಉಳಿದ ಕಾಲದಲ್ಲಿ ತಿಂಗಳ ಮೊದಲ ಭಾನುವಾರ ಅಳತೆ. ಬೆಳಿಗ್ಗೆ, ಪಂಪು ಹಾಕುವ ಮೊದಲು, ಕಟ್ಟೆಯ ಮೇಲೆ ಗುರುತು ಮಾಡಿದ ಒಂದೇ ಜಾಗದಿಂದ. ಎರಡು ಬೇಸಿಗೆಯ ಏಪ್ರಿಲ್ ಅಳತೆ ಕೈಗೆ ಸಿಗುವವರೆಗೆ "ಯಶಸ್ವಿಯಾಯಿತು" ಎಂದು ಬೋರ್ಡ್ ಹಾಕಬೇಡಿ.

ಹಂತ 10: ನೀರು ಯಾರಿಗೆ ಎಂದು ಮೊದಲೇ ಬರೆಯಿರಿ

ಬಾವಿಯಲ್ಲಿ ನೀರು ನಿಂತ ಮೊದಲ ಏಪ್ರಿಲ್‌ನಲ್ಲೇ ಜಗಳ ಶುರುವಾಗಬಹುದು. ಇಸಾಕನ ಕಥೆಯಲ್ಲೂ ಹಾಗೆಯೇ. ತೋಡಿದ ಎರಡು ಬಾವಿಗಳಿಗೆ ಗೆರಾರಿನ ಕುರುಬರು ಜಗಳಕ್ಕೆ ಬಂದರು, ಮೂರನೆಯದಕ್ಕೆ ಯಾರೂ ಬರಲಿಲ್ಲ, ಅದಕ್ಕೆ ಅವನು ರೆಹೋಬೋತ್ (ವಿಶಾಲ ಜಾಗ) ಎಂದು ಹೆಸರಿಟ್ಟ. ಹಾಲಿನ ಮದುವೆಗೆ ನೀರು ಬೇಕು, ಶಾಲೆಗೆ ಬೇಕು, ತೋಟಕ್ಕೆ ಬೇಕು, ನಳ್ಳಿ ನೀರು ನಿಂತ ನೆರೆಮನೆಗಳಿಗೂ ಬೇಕು.

ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದಿದ್ದಾರೆ. ಆದ್ದರಿಂದ ಸರದಿ ಹೀಗಿರಲಿ ಎಂಬುದು ನನ್ನ ಸಲಹೆ: ಮೊದಲು ನೆರೆಯವರ ಕುಡಿಯುವ ನೀರು, ಅವರು ಯಾವ ಧರ್ಮದವರಾದರೂ ಸರಿ. ಆಮೇಲೆ ಶಾಲೆ. ಆಮೇಲೆ ಚರ್ಚಿನ ಬಳಕೆ. ಹಾಲಿನ ಬಾಡಿಗೆಯವರು ಮತ್ತು ಹುಲ್ಲುಹಾಸು ಕೊನೆಗೆ. ಮಾರ್ಚ್ ನಂತರ ನೀರು ಇಂತಿಷ್ಟು ಅಡಿಗಿಂತ ಕೆಳಗಿಳಿದರೆ ಪಂಪು ಬಂದ್, ಹಗ್ಗ ಕೊಡಪಾನ ಮಾತ್ರ ಎಂಬ ಗೆರೆಯನ್ನೂ ಹಾಕಿ. ಇದನ್ನು ಪಾಲನಾ ಮಂಡಳಿಯಲ್ಲಿ ಮಳೆಗಾಲದಲ್ಲೇ, ನೀರು ಸಮೃದ್ಧವಾಗಿರುವಾಗ ನಿರ್ಣಯ ಮಾಡಿ. ಬೇಸಿಗೆಯಲ್ಲಿ ಕೂತರೆ ಒಪ್ಪಂದ ಆಗುವುದಿಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟ

ಹೊಸ ವಿಗಾರರು (ಚರ್ಚಿನ ಮುಖ್ಯ ಗುರುಗಳು) ಬಂದ ದಿನ, ಅಥವಾ ಹೊಸ ಮಂಡಳಿ ಆಯ್ಕೆಯಾದ ದಿನ ಅವರ ಕೈಗೆ ಕೊಡಬೇಕಾದದ್ದು ಈ ಪುಸ್ತಕ. ಕೊನೆಯ ಪುಟದಲ್ಲಿ ಇಷ್ಟಿರಲಿ: ಬಾವಿಯ ವ್ಯಾಸ, ಆಳ, ಶೇಡಿ ಪದರ ಶುರುವಾಗುವ ಆಳ, ಶೌಚಗುಂಡಿಗಳು ಎಲ್ಲಿವೆ ಎಂಬ ಕೈನಕ್ಷೆ, ನೆಲದಡಿ ಪೈಪು ಹೋದ ದಾರಿ, ಹೊಯ್ಗೆ ಬದಲಿಸಿದ ತಾರೀಕು, ನೀಲಿ ಕೆಂಪು ವಾಲ್ವ್‌ಗಳ ವಿವರ, ಜವಾಬ್ದಾರಿ ಹೊತ್ತವರ ಹೆಸರು. ಅದರ ಕೆಳಗೆ ಎರಡು ತಾರೀಕು ಕೆಂಪು ಶಾಯಿಯಲ್ಲಿ: ಮೇ 15, ಸೆಪ್ಟೆಂಬರ್ 1, ದಂಬೆ ಸ್ವಚ್ಛ ಮಾಡುವ ದಿನ. ಪುಸ್ತಕವನ್ನು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ. ಬಲಿಪೂಜೆಯ ವಸ್ತ್ರಗಳಿರುವ ಕೋಣೆಯಲ್ಲಿ, ದಿನಾ ಕೈಗೆ ಸಿಗುವ ಕಡೆ ಮೊಳೆಗೆ ನೇತುಹಾಕಿ.